ವ್ಯಾನು ಕೊಡಿಸುತ್ತಿದ್ದವರು

ನಾವು ವ್ಯಾನು ಕೊಂಡ ವರ್ಷದ ನನ್ನ ಡೈರಿಯಲ್ಲಿ ಅವರ ಹೆಸರು ಮೂವತ್ತೇಳು ಸಲ ಬಂದಿದೆ. ಏಪ್ರಿಲ್ ಎರಡನೇ ವಾರದಲ್ಲಿ ಶುರುವಾಗಿ ಆಗಸ್ಟ್ ಕೊನೆಗೆ ನಿಲ್ಲುತ್ತದೆ. ಇಲ್ಲಿ ಒಂದು ಸಲವೂ ಬರೆಯುವುದಿಲ್ಲ. ತಮ್ಮ ಹೆಸರು ಇನ್ನೊಬ್ಬರ ಕಾಗದದ ಮೇಲೆ ಇರುವುದು ಅವರಿಗೆ ಹಿಡಿಸುತ್ತಿರಲಿಲ್ಲ.

ಕಳೆದ ಕಾರ್ತಿಕದಲ್ಲಿ ಅವರು ತೀರಿಕೊಂಡರು. ಹನ್ನೊಂದನೆಯ ದಿನದ ಊಟಕ್ಕೆ ಅಪ್ಪನ ಜೊತೆ ನಾನೂ ಹೋಗಿದ್ದೆ. ಪಂಕ್ತಿಯಲ್ಲಿ ನನ್ನ ಎಡಕ್ಕೆ ಕೂತವರೂ ಬಲಕ್ಕೆ ಕೂತವರೂ ಅವರಿಂದಲೇ ಗಾಡಿ ಕೊಡಿಸಿಕೊಂಡವರು. ಎಡಗಡೆಯವರು, "ದೇವರಂಥಾ ಮನುಷ್ಯ ಕಣಮ್ಮ" ಎಂದರು. ಬಲಗಡೆಯವರು ಪಾಯಸ ಹಾಕಿಸಿಕೊಳ್ಳುತ್ತಾ, "ಬಿಸ್ಲಲ್ಲಿ ಯಾರೂ ಸುಮ್ನೆ ಓಡಾಡಲ್ಲ ಬುಡಿ" ಎಂದರು. ನಾನು ಇಬ್ಬರಿಗೂ ತಲೆಯಾಡಿಸಿದೆ.

ಮೇಟಗಳ್ಳಿಯ ಒಂದು ಕಾರ್ಖಾನೆಯಲ್ಲಿ ಅವರು ಪರ್ಚೇಸ್ ಸೆಕ್ಷನ್ನಿನವರು. ಇಪ್ಪತ್ತಾರು ವರ್ಷ ನಟ್ಟು, ಬೋಲ್ಟು, ಗ್ರೀಸು, ಕೈಗವಸಿನಿಂದ ಹಿಡಿದು ಕ್ಯಾಂಟೀನಿನ ಬೇಳೆಯವರೆಗೆ ಬೆಲೆ ಇಳಿಸುವುದೇ ಕೆಲಸ. ನಿವೃತ್ತಿಯಾದ ಮೇಲೂ ಬಿಡಲಿಲ್ಲ. ಕಾಲೋನಿಯಲ್ಲಿ ಯಾರೇ ಫ್ರಿಜ್ಜು, ಸ್ಕೂಟರು, ವ್ಯಾನು ತೆಗೆದುಕೊಳ್ಳಲಿ, ಅವರು ಜೊತೆಗೆ ಹೋಗುತ್ತಿದ್ದರು. ಅರ್ಧ ತೋಳಿನ ಬಿಳಿ ಅಂಗಿ, ಹಣೆಯಲ್ಲಿ ತೆಳುವಾದ ವಿಭೂತಿ, ಜೇಬಿನಲ್ಲಿ ಮಡಿಸಿದ ಒಂದು ಹಾಳೆ. ಹಾಳೆಯ ಮೇಲ್ತುದಿಯಲ್ಲಿ ಯಾವುದೋ ಅಚ್ಚಿನ ಅಕ್ಷರ ಇಷ್ಟೇ ಇಷ್ಟು ಕಾಣುತ್ತಿತ್ತು. ಅದು ಬೇರೆ ಡೀಲರು ಕೊಟ್ಟ ಕೊಟೇಶನ್ ಎಂದು ಸೇಲ್ಸ್‌ಮ್ಯಾನ್ ಅಂದುಕೊಳ್ಳಬೇಕು. ಒಂದು ಸಲ ಅವರು ಕೈ ತೊಳೆಯುವಾಗ ಅದು ಕೆಳಗೆ ಬಿತ್ತು. ಎತ್ತಿಕೊಟ್ಟೆ. ಅವರ ಮನೆಯ ಕರೆಂಟ್ ಬಿಲ್ಲು.

"ನೋಡಿಬಿಟ್ಟೆಯಾ?" ಎಂದರು.

"ನೋಡ್ಲಿಲ್ಲ ಅಂಕಲ್."

"ಸುಳ್ಳು ಹೇಳೋಕೂ ಬರಲ್ಲ ನಿಂಗೆ. ನಿಮ್ಮಪ್ಪನ ಥರಾನೇ."

ಅಪ್ಪ ಅದೇ ಕಾರ್ಖಾನೆಯಲ್ಲಿ ಫಿಟ್ಟರ್. ಆ ವರ್ಷ ಫೆಬ್ರವರಿಯಲ್ಲಿ ಕಾರ್ಖಾನೆಯವರು ಸ್ವಯಂ ನಿವೃತ್ತಿ ಎಂದು ಹೆಸರಿಟ್ಟು ನೂರಾರು ಜನರನ್ನು ಮನೆಗೆ ಕಳಿಸಿದರು. ಅಪ್ಪನಿಗೆ ಆಗ ನಲವತ್ತಾರು. ಎಲ್ಲ ಚುಕ್ತಾ ಆಗಿ ಕೈಗೆ ಬಂದದ್ದು ಎರಡು ಲಕ್ಷದ ಎರಡು ಸಾವಿರ. ಆ ದುಡ್ಡಿನಲ್ಲಿ ಒಂದು ಹೊಸ ವ್ಯಾನು ಕೊಂಡು, ನಮ್ಮ ಕಡೆಯ ಮಕ್ಕಳನ್ನು ಯಾದವಗಿರಿಯ ಶಾಲೆಗಳಿಗೆ ಬಿಟ್ಟುಬರುವುದು ಅಪ್ಪನ ಯೋಚನೆ. ಹನ್ನೆರಡು ಮನೆಯವರು ಒಪ್ಪಿದ್ದರು. ಹನ್ನೆರಡು ಮಕ್ಕಳು ಕೂರಬೇಕಾದರೆ ಹಿಂದಿನ ಸೀಟು ತೆಗೆಸಿ ಎದುರುಬದುರು ಬೆಂಚು ಹಾಕಿಸಬೇಕು, ಮೇಲೆ ಬ್ಯಾಗಿಡಲು ಕ್ಯಾರಿಯರ್ ಕಟ್ಟಿಸಬೇಕು. ಅದಕ್ಕೆ ಐದು ಸಾವಿರ. ಬೆಂಚಿಲ್ಲದಿದ್ದರೆ ಎಂಟೇ ಮಕ್ಕಳು. ಶಾಲೆ ಶುರುವಾಗುವುದು ಜೂನ್ ಒಂದಕ್ಕೆ.

ಷೋರೂಮಿನವರು ಎಲ್ಲ ಸೇರಿ ಹೇಳಿದ ಬೆಲೆ ಎರಡು ಲಕ್ಷದ ಐದು ಸಾವಿರ.

ಅಪ್ಪ ಅವರ ಮನೆಗೆ ಹೋದರು. ನಾನು ಆಗತಾನೇ ಬಿ.ಕಾಂ. ಕೊನೆಯ ಪರೀಕ್ಷೆ ಮುಗಿಸಿದ್ದೆ, ಲೆಕ್ಕ ಬರೆದುಕೊಳ್ಳಲು ನನ್ನನ್ನೂ ಕರೆದುಕೊಂಡು ಹೋದರು. ಅವರು ನಮ್ಮನ್ನು ಜಗಲಿಯಲ್ಲೇ ಕೂರಿಸಿ ಮೊದಲು ಕೇಳಿದ್ದು, "ನಂಜುಂಡಪ್ಪನೋರೆ, ಇದು ಯಾರ್ಯಾರಿಗೆ ಗೊತ್ತು?"

"ಏನು ಸಾರ್?"

"ನಿಮ್ಮತ್ರ ದುಡ್ಡಿರೋದು. ಜೂನ್ ಒಂದಕ್ಕೆ ಗಾಡಿ ಬೇಕೇಬೇಕು ಅನ್ನೋದು."

"ಎಲ್ರಿಗೂ ಗೊತ್ತು ಸಾರ್."

ಅವರು ಹಣೆ ಚಚ್ಚಿಕೊಂಡರು. "ಆಷಾಢದಲ್ಲಿ ಬಂದಿದ್ರೆ ನಾನು ಇನ್ನೂ ನಾಲ್ಕೈದು ಸಾವಿರ ಕೆಡವ್ತಿದ್ದೆ ಕಣ್ರೀ. ಆಷಾಢದಲ್ಲಿ ಷೋರೂಮಲ್ಲಿ ನೊಣ ಹೊಡೀತಾ ಕೂತಿರ್ತಾರೆ."

ಅವರ ಸ್ವಂತ ಸ್ಕೂಟರನ್ನು ಆಷಾಢದ ಅಮಾವಾಸ್ಯೆಯ ದಿನ ರಾಹುಕಾಲದಲ್ಲಿ ಕೊಂಡಿದ್ದರಂತೆ. ಅವರ ಹೆಂಡತಿ ಶ್ರಾವಣ ಹುಟ್ಟುವವರೆಗೆ ಅದನ್ನು ಹತ್ತಿರಲಿಲ್ಲ. "ನಡ್ಕೊಂಡೇ ಮಠಕ್ಕೆ ಹೋದ್ಳು. ಅವಳಿಗೂ ಆರೋಗ್ಯ, ನನಗೂ ಪೆಟ್ರೋಲ್ ಉಳೀತು" ಎನ್ನುತ್ತಿದ್ದರು.

ಅವರ ಜೊತೆ ಷೋರೂಮಿಗೆ ಹೋಗುವುದು ಸುಲಭವಲ್ಲ. ಕುರ್ಚಿಯಲ್ಲಿ ಕೂರುವಂತಿಲ್ಲ. "ಕೂತ್ರೆ ಎದ್ದು ಹೋಗ್ತೀನಿ ಅಂತ ಹೆದರಿಸೋಕೆ ಎರಡು ಸಲ ಏಳಬೇಕಾಗುತ್ತೆ." ಕಾಫಿ ಕುಡಿಯುವಂತಿಲ್ಲ. ನಗುವಂತಿಲ್ಲ. ಗಾಡಿ ಚೆನ್ನಾಗಿದೆ ಎನ್ನುವಂತಿಲ್ಲ. ಅಪ್ಪ ಒಂದು ಸಲ ಸ್ಟೇರಿಂಗ್ ಮುಟ್ಟಿ "ಆಹಾ" ಎಂದುಬಿಟ್ಟರು. ಅವರು ಅಪ್ಪನನ್ನು ಆಚೆ ಕರೆದುಕೊಂಡು ಹೋಗಿ, "ಆ ಆಹಾಗೆ ಐನೂರು ಹೋಯ್ತು" ಎಂದರು. ಆಮೇಲೆ ಅಪ್ಪ ಒಳಗೆ ಹೋಗುವಾಗೆಲ್ಲ ಕೈ ಹಿಂದೆ ಕಟ್ಟಿಕೊಳ್ಳುತ್ತಿದ್ದರು.

ಅವರು ಮಾತ್ರ ಎಲ್ಲವನ್ನೂ ಮುಟ್ಟುತ್ತಿದ್ದರು. ಬಾಗಿಲು ಬಡಿದು ಸದ್ದು ಕೇಳುವುದು. ಗಾಡಿಯನ್ನು ಬಿಸಿಲಿಗೆ ತರಿಸಿ ಬಣ್ಣ ನೋಡುವುದು. ಬಾನೆಟ್ಟಿನ ಕೆಳಗೆ, ಸೀಟಿನ ಕೆಳಗೆ ತಲೆ ಹಾಕಿ ಯಾವ ತಿಂಗಳಲ್ಲಿ ತಯಾರಾದದ್ದು ಎಂಬ ತಗಡು ಹುಡುಕುವುದು. ಜಾಕು, ಸ್ಟೆಪ್ನಿ, ಸ್ಪ್ಯಾನರ್ ಎಣಿಸುವುದು. ಆಮೇಲೆ ಟೈ ಕಟ್ಟಿದ ಸೇಲ್ಸ್‌ಮ್ಯಾನ್ ಮುಂದೆ ನಿಂತು, "ಬೆಲೆ ಎಷ್ಟು ಅಂತ ನಾನು ಕೇಳ್ತಿಲ್ಲಪ್ಪ. ಈ ಬೆಲೆ ಹೆಂಗೆ ಬಂತು ಅಂತ ಕೈಯಲ್ಲಿ ಬರ್ಕೊಡು" ಎನ್ನುವುದು. ಅಚ್ಚಾದ ಹಾಳೆಯನ್ನು ಅವರು ನಂಬುತ್ತಿರಲಿಲ್ಲ. ಕೈಯಲ್ಲಿ ಬರೆಯುವವನು ಸುಳ್ಳು ಬರೆಯುವ ಸಾಲಿನಲ್ಲಿ ಒಂದು ಕ್ಷಣ ತಡೆಯುತ್ತಾನೆ ಎನ್ನುವುದು ಅವರ ಲೆಕ್ಕ.

ಆ ಸೇಲ್ಸ್‌ಮ್ಯಾನ್ ಮೂರು ಕಡೆ ತಡೆದ. ಹ್ಯಾಂಡ್ಲಿಂಗ್ ಚಾರ್ಜು ಎಂಬಲ್ಲಿ ಒಂದೂವರೆ ಸಾವಿರ. ನಾವು ಕೇಳದ ಮ್ಯಾಟು, ಸೀಟ್ ಕವರು, ಮಡ್ ಫ್ಲ್ಯಾಪಿಗೆ ಎರಡೂವರೆ. ಇನ್ಶೂರೆನ್ಸಿನಲ್ಲಿ ಒಂದು.

"ಹ್ಯಾಂಡ್ಲಿಂಗ್ ಅಂದ್ರೆ ಏನಪ್ಪ?"

"ಅದೂ... ಗಾಡಿನ ಯಾರ್ಡಿಂದ ಇಲ್ಲಿಗೆ ತರೋದು ಸಾರ್."

"ಯಾರ್ಡ್ ಎಲ್ಲಿದೆ?"

"ಹಿಂದೆ ಸಾರ್."

"ನಡಿ, ನಾನು ತಳ್ಕೊಂಡು ಬರ್ತೀನಿ."

ನಾಲ್ಕು ಸಲ ಹೋಗಿದ್ದಕ್ಕೆ ಬೆಲೆ ಸರಿಯಾಗಿ ಎರಡು ಲಕ್ಷಕ್ಕೆ ಇಳಿಯಿತು. ಅಲ್ಲಿಗೆ ನಿಂತಿತು. ಉಳಿದದ್ದು ಕಂಪನಿ ಗೊತ್ತು ಮಾಡಿದ ಬೆಲೆ, ಸರ್ಕಾರದ ತೆರಿಗೆ. ನಮ್ಮ ಕೈಯಲ್ಲಿ ಎರಡು ಸಾವಿರ ಉಳಿಯಿತು, ಬೆಂಚಿಗೆ ಮೂರು ಸಾವಿರ ಕಮ್ಮಿ. ಅಪ್ಪ ಅದನ್ನು ಹೇಳಿಕೊಂಡಾಗ ಅವರು, "ಬೆಂಚಿಗೆ ಚಿಂತೆ ಮಾಡ್ಬೇಡಿ. ಆ ಹೊತ್ತಿಗೆ ಆಗುತ್ತೆ" ಎಂದರು. ಹೇಗೆ ಆಗುತ್ತದೆ ಎಂದು ಹೇಳಲಿಲ್ಲ.

ಆ ಮಾತನ್ನು ನಾನು ಅಂದೇ ಬರೆದುಕೊಂಡು ಕೆಳಗೆ ಗೆರೆ ಎಳೆದೆ. ಪ್ರತಿಯೊಂದಕ್ಕೂ ಹೇಗೆ ಎಂದು ಕೇಳುವ ಮನುಷ್ಯ ಇದೊಂದಕ್ಕೆ ಮಾತ್ರ ಯಾಕೆ ಹೇಗೆಂದು ಹೇಳಲಿಲ್ಲ?

ಅಮ್ಮನಿಗೆ ಮೊದಲಿಂದಲೂ ಸಂಶಯ. ಪಕ್ಕದ ಮನೆಯವರು ಬೇರೆ, "ಅವರಿಗೆ ಕಮಿಷನ್ ಬರುತ್ತೆ ಕಣ್ರೀ, ಇಲ್ದಿದ್ರೆ ಅವರಿಗೇನು ಕರ್ಮ?" ಎಂದಿದ್ದರು. ನಾನು ಆ ದೃಷ್ಟಿಯಿಂದ ಡೈರಿಯನ್ನು ಹಿಂದಕ್ಕೆ ತಿರುವಿ ಓದಿದೆ. ಮೂರನೆಯ ಸಲ ಹೋದಾಗ ಅವರು ಕ್ಯಾಷಿಯರನ ಕಿಟಕಿಯ ಹತ್ತಿರ ಹೋಗಿ ಒಂದು ಕೆಂಪು ರಿಜಿಸ್ಟರಿನಲ್ಲಿ ಸಹಿ ಹಾಕಿದ್ದರು. ಏನದು ಎಂದು ಕೇಳಿದ್ದಕ್ಕೆ, "ಹಾಜರಿ ಕಣಮ್ಮ" ಎಂದಿದ್ದರು. ನಮ್ಮ ಹಾಜರಿ ಯಾರೂ ಕೇಳಿರಲಿಲ್ಲ.

ಐದನೆಯ ಸಲ ಹೋದಾಗ ಅವರು ಹೊರಗೆ ಇಂಜಿನ್ ನಂಬರ್ ತಾಳೆ ನೋಡುತ್ತಿದ್ದರು. ಕ್ಯಾಷಿಯರ್ ಎದ್ದು ಹೋಗಿದ್ದ. ರಿಜಿಸ್ಟರ್ ತೆರೆದೇ ಇತ್ತು. ನಾನು ನೋಡಿದೆ. ಒಂದು ಕಡೆ ಗಾಡಿ ಕೊಂಡವರ ಹೆಸರು, ಪಕ್ಕದಲ್ಲಿ "ಪಾರ್ಟಿ ಕರೆತಂದವರು" ಎಂಬ ಅಂಕಣ, ಆಮೇಲೆ ಮೊತ್ತ, ಸಹಿ. ಅಪ್ಪನ ಹೆಸರಿನ ಪಕ್ಕ ಅವರ ಹೆಸರಿತ್ತು. ಮೊತ್ತದ ಜಾಗ ಖಾಲಿ. ಅದೇ ಪುಟದಲ್ಲಿ ಇನ್ನೂ ಮೂರು ಕಡೆ ಅವರ ಹೆಸರು. ಆ ಮೂವರು ಕೊಂಡವರ ಹೆಸರನ್ನು ಅಂಗೈಯಲ್ಲಿ ಬರೆದುಕೊಂಡೆ.

ಸಂಜೆ ಅಪ್ಪನಿಗೆ ಎಲ್ಲ ಹೇಳಿದೆ. ಅಪ್ಪ ಪಾಸ್‌ಬುಕ್ಕು ತೆಗೆದು ನೋಡಿದರು. ಆಮೇಲೆ, "ನನ್ನ ಇಪ್ಪತ್ತೆರಡು ವರ್ಷದ ದುಡಿಮೆ ದುಡ್ಡಲ್ಲಿ ಅವರಿಗೆ ಪಾಲು ಬೇಕಾ?" ಎಂದರು. ಅಪ್ಪ ಹಾಗೆ ಕಹಿಯಾಗಿ ಮಾತಾಡಿದ್ದು ಕೆಲಸ ಹೋದ ದಿನವೂ ನಾನು ಕೇಳಿರಲಿಲ್ಲ.

ಮಾರನೆಯ ದಿನ ನಾವಿಬ್ಬರೇ ಷೋರೂಮಿಗೆ ಹೋದೆವು. ಕೂತೆವು. ಕಾಫಿ ಕುಡಿದೆವು. ಅಪ್ಪ ಸೇಲ್ಸ್‌ಮ್ಯಾನಿಗೆ, "ಅವರಿಗೆ ಕೊಡೋ ಕಮಿಷನ್ನು ನಮಗೇ ಕಮ್ಮಿ ಮಾಡಿ. ಅವರನ್ನ ಕರ್ಕೊಂಡು ಬಂದಿದ್ದು ನಾವು, ನಮ್ಮನ್ನ ಅವರು ಕರ್ಕೊಂಡು ಬಂದಿದ್ದಲ್ಲ" ಎಂದರು. ಅವನು ನಮ್ಮಿಬ್ಬರ ಮುಖವನ್ನೂ ನೋಡಿದ. ಎದ್ದು ಒಳಗೆ ಹೋಗಿ ಬಂದ. "ಮ್ಯಾನೇಜರ್ ಒಪ್ತಿರ್ಲಿಲ್ಲ ಸಾರ್. ನಿಮಗೋಸ್ಕರ ಸಾವಿರ ಬಿಡಿಸಿದೀನಿ. ಅವರಿಗೆ ಮಾತ್ರ ಹೇಳ್ಬೇಡಿ" ಎಂದ. ಬಸ್ಸಿನಲ್ಲಿ ಬರುವಾಗ ಅಪ್ಪ ನನಗೆ ಕಡಲೆಕಾಯಿ ಕೊಡಿಸಿದರು. ಗೆದ್ದೆವು ಎಂದೇ ಬರೆದಿದ್ದೇನೆ.

ಮೇ ಇಪ್ಪತ್ತೇಳು, ಗಾಡಿ ಕೈಗೆ ಬಂದ ದಿನ. ಷೋರೂಮಿನ ಮುಂದೆಯೇ ಪೂಜೆ. ಅಯ್ಯನವರು ಗಾಡಿಗೆ ಹೂವಿನ ಹಾರ ಹಾಕಿ ಚಕ್ರಗಳ ಮುಂದೆ ನಿಂಬೆಹಣ್ಣು ಇಟ್ಟಿದ್ದರು. ಅವರೂ ಬಂದರು. ನಮ್ಮನ್ನು ನೋಡಿ ಒಂದಿಷ್ಟು ನಕ್ಕರು, ದುಡ್ಡು ಕಟ್ಟಿ ಆದ ಮೇಲೆ ನಗಬಹುದಿತ್ತು. ನೇರವಾಗಿ ಕ್ಯಾಷಿಯರನ ಕಿಟಕಿಗೆ ಹೋದರು. ವಾಪಸು ಬಂದಾಗ ನಗು ಇರಲಿಲ್ಲ.

"ನಂಜುಂಡಪ್ಪನೋರೆ, ಇಲ್ಲಿ ನನ್ನ ವಿಷಯ ಏನಾದ್ರೂ ಮಾತಾಡಿದ್ರಾ?"

ಅಪ್ಪ ನನ್ನ ಕಡೆ ನೋಡಿದರು. "ನಿಮಗೆ ಕೊಡೋದನ್ನ ನಮಗೇ ಕಮ್ಮಿ ಮಾಡಿ ಅಂದೆ ಸಾರ್. ನನ್ನ ದುಡ್ಡಲ್ವಾ?"

"ನಿಮ್ದೇ. ಎಷ್ಟು ಕಮ್ಮಿ ಮಾಡಿದ?"

"ಸಾವಿರ."

"ಸಾವಿರ." ಅವರು ಷೋರೂಮಿನ ಗಾಜಿನ ಕಡೆ ತಿರುಗಿದರು. ಒಳಗಿಂದ ಸೇಲ್ಸ್‌ಮ್ಯಾನ್ ನೋಡುತ್ತಿದ್ದವನು ಸರಿದುಕೊಂಡ. "ನನ್ನ ಹೆಸರಲ್ಲಿ ನಾಲ್ಕು ಬರ್ತಿತ್ತು ಕಣ್ರೀ. ಬಿಲ್ಲಲ್ಲಿ ಇಳಿಸೋಕೆ ಅವರಿಗೆ ಅಧಿಕಾರ ಇಲ್ಲ, ಪಾರ್ಟಿ ತಂದೋರಿಗೆ ಕೊಡೋಕೆ ಇದೆ. ಅದಕ್ಕೇ ನನ್ನ ಹೆಸರು ಬರೆಸೋದು. ಇವತ್ತು ಇಸ್ಕೊಂಡು ನಿಮ್ಮ ಕೈಗೆ ಹಾಕೋಣ ಅಂತಿದ್ದೆ. ಬೆಂಚು ಆಗ್ತಿತ್ತು. ಈಗ ಮೂರು ಅವನ ಜೇಬಿಗೆ ಹೋಯ್ತು."

"ಮೊದ್ಲೇ ಒಂದು ಮಾತು ಹೇಳ್ಬಾರ್ದಾಗಿತ್ತಾ ಸಾರ್?" ಎಂದರು ಅಪ್ಪ.

"ಹೇಳಿದ್ರೆ ನೀವು ಒಳಗೆ ಬಾಯಿ ಬಿಡ್ತಿದ್ರಿ. ಗಾಡಿ ತಗೊಳೋರ ಬಾಯಿ ನಾನು ಕಂಡಿಲ್ವಾ? ಹೇಳದೇ ಇದ್ರೂ ಬಿಟ್ರಲ್ಲ!"

ಅಯ್ಯನವರು ಗಾಡಿ ಮುಂದಕ್ಕೆ ತೆಗೆಯಿರಿ ಎಂದರು. ಅಪ್ಪ ಹತ್ತಿ ಕೂತು ನಿಂಬೆಹಣ್ಣಿನ ಮೇಲೆ ಹತ್ತಿಸಿದರು. ಅವರನ್ನು ಕರೆದರೆ, ಮೊದಲ ಸವಾರಿಗೆ ಮನೆಯವರು ಕೂರಬೇಕು ಎಂದು ಬಸ್ ಸ್ಟಾಪಿನ ಕಡೆ ನಡೆದುಹೋದರು.

ಜೂನ್ ಒಂದಕ್ಕೆ ವ್ಯಾನು ಎಂಟು ಮಕ್ಕಳ ಜೊತೆ ಹೊರಟಿತು. ನಾಲ್ಕು ಮನೆಯವರಿಗೆ ಅಪ್ಪ ತಾವೇ ಹೋಗಿ, ಈಗ ಆಗುವುದಿಲ್ಲ ಎಂದು ಹೇಳಿ ಬಂದರು. ಆಗಸ್ಟಿನಲ್ಲಿ ಬೆಂಚು ಹಾಕಿಸುವ ಹೊತ್ತಿಗೆ ಆ ನಾಲ್ಕೂ ಮಕ್ಕಳು ಬೇರೆ ವ್ಯಾನಿಗೆ ಒಗ್ಗಿಹೋಗಿದ್ದವು. ಅವು ವಾಪಸು ಬರಲೇ ಇಲ್ಲ. ಇಡೀ ವರ್ಷ ನಾಲ್ಕು ಜಾಗ ಖಾಲಿ ಓಡಿತು.

ಅಮ್ಮ ಮಾತ್ರ ಸೋಲಲಿಲ್ಲ. "ತಪ್ಪಿಹೋದ ಮೇಲೆ ಕೊಡ್ತಿದ್ದೆ ಅನ್ನೋದು ಯಾರಿಗೂ ಸುಲಭ. ಕೊಡ್ತಿದ್ರೋ ಇಲ್ವೋ ಯಾರು ಕಂಡೋರು?" ಎಂದರು. ನನಗೂ ನಿದ್ದೆಯಲ್ಲೂ ಅದೇ ಪ್ರಶ್ನೆ. ನನ್ನ ಹತ್ತಿರ ಮೂರು ಹೆಸರಿದ್ದವು. ಜುಲೈ ತಿಂಗಳಲ್ಲಿ ಮೂವರನ್ನೂ ಹುಡುಕಿಕೊಂಡು ಹೋದೆ.

ಮೊದಲನೆಯವರು ಮದುವೆಗಳಿಗೆ ಬ್ಯಾಂಡ್‌ಸೆಟ್ ಒದಗಿಸುವವರು. "ಕೊಟ್ರಲ್ಲ, ಕವರಲ್ಲಿ ಹಾಕಿ. ಬಸ್ ಚಾರ್ಜು ಇಪ್ಪತ್ತೆಂಟು ರೂಪಾಯಿ ಮುರ್ಕೊಂಡಿದ್ರು, ಚೀಟಿ ಬರೆದು" ಎಂದರು. ಎರಡನೆಯವರು ಸೀರೆಗೆ ಪಾಲಿಶ್ ಮಾಡುವ ಅಂಗಡಿಯವರು. ಅವರಿಗೂ ಕೊಟ್ಟಿದ್ದರು, ಬಸ್ ಚಾರ್ಜು ಮುರಿದುಕೊಂಡು. ಮೂರನೆಯವರದು ಗೋಕುಲಂನಲ್ಲಿ ಮೂರಂತಸ್ತಿನ ಮನೆ. ಯೋಗ ಕಲಿಯಲು ಬರುವ ಫಾರಿನ್ನಿನವರಿಗೆ ಕೋಣೆಗಳನ್ನು ಬಾಡಿಗೆಗೆ ಕೊಡುತ್ತಿದ್ದರು, ಅವರನ್ನು ಕರೆತರಲು ವ್ಯಾನು ಕೊಂಡಿದ್ದರು. "ಕವರಾ? ಯಾವ ಕವರು? ನಾನೇ ಅವರಿಗೆ ಒಂದು ಪಂಚೆ ಕೊಟ್ಟೆ" ಎಂದರು.

ಇಬ್ಬರಿಗೆ ಕೊಟ್ಟಿದ್ದಾರೆ, ಒಬ್ಬರಿಗೆ ಕೊಟ್ಟಿಲ್ಲ. ನಾನು ಸೀದಾ ಅವರ ಮನೆಗೇ ಹೋದೆ. ಜಗಲಿಯಲ್ಲಿ ಕೂತು ಹುರುಳಿಕಾಯಿಯ ನಾರು ತೆಗೆಯುತ್ತಿದ್ದರು.

"ಅಂಕಲ್, ಗೋಕುಲಂನವರಿಗೆ ಯಾಕೆ ಕೊಡ್ಲಿಲ್ಲ?"

ಎಲ್ಲಿಂದ ತಿಳಿಯಿತು ಎಂದು ಅವರು ಕೇಳಲಿಲ್ಲ. ಇನ್ನೊಂದು ಕಾಯಿ ತೆಗೆದುಕೊಂಡರು. "ಅವರದ್ದು ನಾನು ಇಟ್ಕೊಂಡೆ."

"ಇಟ್ಕೊಂಡ್ರಾ?"

"ಅವರಿಗೆ ನಾಲ್ಕು ಸಾವಿರ ಅಂದ್ರೆ ಎರಡು ವಾರದ ಬಾಡಿಗೆ. ನನ್ನ ಪೆನ್ಶನ್ ಎಷ್ಟು ಅಂತ ನಿನ್ನ ಬುಕ್ಕಲ್ಲಿ ಬರ್ಕೊಂಡಿದೀಯಾ? ಇಲ್ಲ ಅಲ್ವಾ? ನಾನೇನು ಸನ್ಯಾಸಿ ಅಂತ ಬೋರ್ಡ್ ಹಾಕ್ಕೊಂಡಿಲ್ಲ ಕಣಮ್ಮ."

"ಹಾಗಾದ್ರೆ ನಮ್ದು?"

ಅವರು ನನ್ನನ್ನು ದಿಟ್ಟಿಸಿದರು. ಷೋರೂಮಿನಲ್ಲಿ ಸೇಲ್ಸ್‌ಮ್ಯಾನನ್ನು ನೋಡುತ್ತಿದ್ದ ಹಾಗೆಯೇ. "ನಿಮ್ದು ಬರ್ಲೇ ಇಲ್ವಲ್ಲ. ಕೈಗೆ ಬರದೇ ಇರೋ ದುಡ್ಡಿಗೆ ನಾನ್ಯಾಕೆ ಜವಾಬು ಹೇಳ್ಲಿ?" ಎಂದು ಹೇಳಿ, ಒಂದು ಮುಷ್ಟಿ ಹುರುಳಿಕಾಯಿ ನನ್ನ ಮುಂದೆ ಹಾಕಿದರು. "ಕೂತಿರೋ ಹೊತ್ತಿಗೆ ಬಿಡಿಸು."

ಬಿಡಿಸಿದೆ. ಆಮೇಲೆ ಅವರು, "ಮುಂದಿನ ಸಲ ಯಾರಾದ್ರೂ ಕರೆದ್ರೆ ನೀನೂ ಬಾ. ದೂರದಿಂದ ಬರ್ಕೊಳೋದಕ್ಕಿಂತ ಪಕ್ಕದಲ್ಲಿ ನಿಂತು ಬರ್ಕೋ" ಎಂದರು.

ಹೋದೆ. ಮುಂದಿನ ಏಳು ವರ್ಷದಲ್ಲಿ ಹನ್ನೊಂದು ಗಾಡಿಗಳಿಗೆ ಅವರ ಜೊತೆ ಹೋಗಿದ್ದೇನೆ. ತಗಡು ಎಲ್ಲಿರುತ್ತದೆ, ಯಾವ ಸಾಲಿನಲ್ಲಿ ಪೆನ್ನು ತಡೆಯುತ್ತದೆ, ಕಲಿತೆ. ಹನ್ನೊಂದು ಸಲವೂ ಕವರು ಬಂತು. ಹನ್ನೊಂದು ಸಲವೂ ಅವರು ಬಸ್ ಚಾರ್ಜಿನ ಚೀಟಿ ಬರೆದು ಕವರನ್ನು ಗಾಡಿ ಕೊಂಡವರ ಕೈಗೆ ಕೊಟ್ಟರು, ನನ್ನ ಎದುರಿಗೆ. ಈ ಹನ್ನೊಂದನ್ನು ಯಾವ ಲೆಕ್ಕಕ್ಕೆ ಸೇರಿಸಬೇಕೆಂದು ನನಗೆ ಯಾವತ್ತೂ ಗೊತ್ತಾಗಲಿಲ್ಲ. ನಾನು ನೋಡುತ್ತಿದ್ದೆ ಎಂದು ಅವರಿಗೆ ಗೊತ್ತಿತ್ತು.

ಅಪ್ಪ ಹಬ್ಬಕ್ಕೆ ಅವರ ಮನೆಗೆ ಹೋಳಿಗೆ ಕಳಿಸುತ್ತಿದ್ದರು. ಅವರು ಡಬ್ಬಿ ವಾಪಸು ಕೊಡುವಾಗ ಖಾಲಿ ಕೊಡುತ್ತಿರಲಿಲ್ಲ. ಆದರೆ ಆ ನಾಲ್ಕು ಸಾವಿರದ ಮಾತನ್ನು ಇಬ್ಬರೂ ಎತ್ತಲಿಲ್ಲ. ನಮ್ಮ ವ್ಯಾನಿನಲ್ಲಿ ಅವರು ಒಮ್ಮೆಯೂ ಕೂರಲಿಲ್ಲ. ಎಂಟು ವರ್ಷ, ಅದೇ ರಸ್ತೆ. ಅಪ್ಪ ನಿಲ್ಲಿಸುತ್ತಿದ್ದರು, ಅವರು ಕೈಯಾಡಿಸಿ ನಡೆದು ಹೋಗುತ್ತಿದ್ದರು.

ಅವರು ತೀರಿಕೊಂಡು ಮೂರು ತಿಂಗಳಾಗಿತ್ತು. ಮೇಟಗಳ್ಳಿಯಲ್ಲಿ ಕಾರ್ಖಾನೆಯವರಿಗೆ ಊಟದ ಮೆಸ್ ನಡೆಸುವ ಒಬ್ಬ ಹೆಂಗಸು ನಮ್ಮ ಮನೆಗೆ ಬಂದರು. ಊಟದ ಕ್ಯಾರಿಯರುಗಳನ್ನು ಸಾಗಿಸಲು ಅವರಿಗೆ ವ್ಯಾನು ಬೇಕಿತ್ತು. "ಅವರಿಲ್ವಲ್ಲ ಕಣಮ್ಮ. ನೀನೇ ಬಾ, ಅವರ ಕೈಕೆಳಗೆ ಕಲ್ತೋಳು" ಎಂದರು.

ಮೂರು ಸಲ ಹೋದೆ. ಕೂರಲಿಲ್ಲ, ಕುಡಿಯಲಿಲ್ಲ, ನಗಲಿಲ್ಲ. ಆರು ಸಾವಿರ ಇಳಿಯಿತು. ರಿಜಿಸ್ಟರಿನಲ್ಲಿ ನನ್ನ ಹೆಸರು ಬರೆಸಿದೆ. ಆ ಹೆಂಗಸಿಗೆ ಅದನ್ನು ಹೇಳಲಿಲ್ಲ. ಹೇಳಿದರೆ ಒಳಗೆ ಬಾಯಿ ಬಿಡುತ್ತಾರೆ. ಗಾಡಿ ಕೊಟ್ಟ ಶುಕ್ರವಾರ ಕ್ಯಾಷಿಯರ್ ನನ್ನನ್ನು ಒಬ್ಬಳನ್ನೇ ಕರೆದು ಸಹಿ ಹಾಕಿಸಿಕೊಂಡು ಕವರು ಕೊಟ್ಟ. ಐದು ಸಾವಿರ. ಪಕ್ಕದಲ್ಲಿ ಬರೆದುಕೊಳ್ಳುವವರು ಯಾರೂ ಇರಲಿಲ್ಲ.

ಕೊಟ್ಟೆ. ಮುಂದಿನ ವಾರವೂ ಕಳೆದು, ಅದರಾಚೆಯ ಭಾನುವಾರ, ಅವರ ಮೆಸ್ಸಿಗೇ ಹೋಗಿ ಕೊಟ್ಟೆ. ಅವರು ಒದ್ದೆ ಕೈಯನ್ನು ಸೆರಗಿಗೆ ಒರೆಸಿಕೊಂಡು ಕವರನ್ನು ಕಣ್ಣಿಗೊತ್ತಿಕೊಂಡರು. "ಷೋರೂಮಿನೋರು ಕೊಡೋಕೆ ಇಷ್ಟು ದಿನ ಮಾಡಿದ್ರಾ?" ಎಂದು ಕೇಳಿದರು.

"ಹೂಂ, ತಡ ಮಾಡಿದ್ರು" ಎಂದೆ.

ಆ ಶುಕ್ರವಾರದಿಂದ ಕವರು ಕೊಟ್ಟ ಭಾನುವಾರದವರೆಗಿನ ಪುಟಗಳನ್ನು ಮೊನ್ನೆ ತೆಗೆದು ಓದಿದೆ. ಒಂದು ದಿನವೂ ಬಿಟ್ಟುಹೋಗಿಲ್ಲ. ಎದ್ದ ಹೊತ್ತು, ಬಸ್ಸು ತಡವಾದದ್ದು, ಅಮ್ಮನ ಮಂಡಿನೋವು, ಸಾರಿಗೆ ಉಪ್ಪು ಹೆಚ್ಚಾದದ್ದು, ಎಲ್ಲ ಇದೆ. ಕವರಿನ ವಿಷಯ ಒಂದು ಪುಟದಲ್ಲೂ ಇಲ್ಲ.